ಕಂಬವಿಲ್ಲದ ಮೂಲೆ

"ಕೆಳಗಿಳೀರಿ. ಆ ಮೂಲೆ ನಂಬೋ ಹಾಗಿಲ್ಲ."

ಬೀದಿಯಿಂದ ಬಂದ ಗಂಡಸಿನ ದನಿಗೆ ಅವಳು ಕತ್ತು ಹೊರಳಿಸಲಿಲ್ಲ. ತಾರಸಿಯ ಗಿಡ್ಡ ಗೋಡೆಯ ಮೇಲೆ ಹೊಟ್ಟೆಯೂರಿ ಮುಂದಕ್ಕೆ ಬಾಗಿ, ಉಕ್ಕಿನ ಟೇಪನ್ನು ಗೋಡೆಗುಂಟ ಕೆಳಕ್ಕೆ ಬಿಡುತ್ತಿದ್ದಳು.

"ಮೇಡಂ, ನಿಮಗೇ ಹೇಳಿದ್ದು."

"ಕೇಳಿಸ್ತು. ಈ ಮೂಲೆ ನಿಮಗಿಂತ ಹಳೇದು. ನಿಮಗಿಂತ ಗಟ್ಟಿ."

ಮಾತು ಮುಗಿಯುವುದರೊಳಗೆ ಗಾಳಿ ಬೀಸಿತು. ಟೇಪು ಹೊಯ್ದಾಡಿ, ಅದರ ತುದಿ ಅವನ ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು. ಅವನು ಬೈಯಲಿಲ್ಲ. ತೂಗಾಡುತ್ತಿದ್ದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೇಲೆ ನೋಡಿದ.

"ಹಿಡ್ಕೊಳ್ಳಲಾ, ಬಿಡಲಾ?"

ಕೆಳಗಿನ ತುದಿ ಹಿಡಿಯುತ್ತೇನೆಂದಿದ್ದ ಟೈಲರ್, ಗಿರಾಕಿ ಬಂದರೆಂದು ಕೆಳಗಿನ ತನ್ನ ಅಂಗಡಿಯೊಳಗೆ ಹೋಗಿದ್ದ. ಅವಳಿಗೆ ಬೇರೆ ದಾರಿಯಿರಲಿಲ್ಲ.

"...ಹಿಡ್ಕೊಳ್ಳಿ. ನೆಲಕ್ಕೆ ತಾಗಿಸಿ. ಎಳೀಬೇಡಿ."

ಅವನು ಮಂಡಿಯೂರಿ, ತುದಿಯನ್ನು ಗೋಡೆಯ ಬುಡಕ್ಕೆ ಸರಿಯಾಗಿ ಒತ್ತಿ ಹಿಡಿದ. ಈ ಕೆಲಸ ಗೊತ್ತಿದ್ದವನ ಹಿಡಿತ ಅದು. ಅವಳು ಅಳತೆ ಬರೆದುಕೊಂಡಳು.

"ಆಯ್ತು, ಥ್ಯಾಂಕ್ಸ್. ಯಾರು ನೀವು?"

"ಪಾಲಿಕೆಯಿಂದ ಬಂದಿದೀನಿ. ಈ ಮನೆ ನಿಲ್ಲುತ್ತಾ, ಬೀಳುತ್ತಾ ಅಂತ ನೋಡೋ ಇಂಜಿನಿಯರ್."

ಅವಳ ಮುಖದ ನಗು ಅಲ್ಲೇ ಇಂಗಿತು. ಟೇಪನ್ನು ಸರ್ರನೆ ಮೇಲಕ್ಕೆಳೆದುಕೊಂಡಳು.

ಅವಳ ವೃತ್ತಿ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವುದು, ಅವುಗಳ ಚರಿತ್ರೆ ಕೂಡಿಸುವುದು. ಈ ಸಲ ಕೆಲಸ ಮನೆಯವರದೇ. ಮನೆ ದೊಡ್ಡಮ್ಮನದು. ನಡುವಿನ ಮಹಡಿಯಲ್ಲಿ ವಾಸವಿದ್ದ ದೊಡ್ಡಮ್ಮ, "ಪಾಲಿಕೆಯವರು ಮೂಲೆ ಕೆಡವ್ತಾರಂತೆ. ಊರವರ ಮನೆಗೆಲ್ಲ ನಕ್ಷೆ ಬರೀತೀಯ, ನಮ್ಮದಕ್ಕೂ ಒಂದು ಬರಿ ಬಾ" ಎಂದು ಕರೆಸಿಕೊಂಡಿದ್ದರು. ಮೇಲಿನ ಮಹಡಿಯ ಮೂಲೆಕೋಣೆಯಲ್ಲಿ ಅವಳ ನಕ್ಷೆಯ ಹಲಗೆ, ಹಾಸಿಗೆ ಎರಡೂ ಸೇರಿದವು. ಸದಾ ಟೇಪು ಹಿಡಿದು ತಿರುಗುವ ಅವಳಿಗೆ ದೊಡ್ಡಮ್ಮ ಇಟ್ಟ ಹೆಸರು ಟೇಪಮ್ಮ.

ಎರಡು ಬೀದಿ ಕೂಡುವಲ್ಲಿದ್ದ ಆ ಮನೆ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಎದ್ದದ್ದು. ಕಟ್ಟಿಸಿದವರು ದೊಡ್ಡಮ್ಮನ ಮಾವ, ಫೋಟೋಗ್ರಾಫರ್. ಕೆಳಗೆ ಅಂಗಡಿ, ನಡುವೆ ಸಂಸಾರ, ಮೇಲೆ ಸ್ಟುಡಿಯೋ. ಅಕ್ಕಪಕ್ಕದ ಹಳೆಯ ಮನೆಗಳ ಮುಖದ ತುಂಬ ಗಾರೆಯ ಹೂಬಳ್ಳಿ, ಕಮಾನು. ಅವರು ಅದೊಂದೂ ಬೇಡವೆಂದರು. ನುಣ್ಣನೆಯ ಗೋಡೆ, ಅದರ ಸುತ್ತ ಓಡುವ ಅಡ್ಡಪಟ್ಟಿಗಳು, ಮೆಟ್ಟಿಲ ಬಳಿ ಹಡಗಿನ ಕಿಂಡಿಯಂಥ ದುಂಡು ಕಿಟಕಿ. ಬೀದಿಗಳು ಸೇರುವ ಕಡೆ ಗೋಡೆ ಚೂಪಾಗದೆ ಮೆತ್ತಗೆ ಬಾಗಿತ್ತು. ಅಂಗಡಿಯ ಬಾಗಿಲೂ ಆ ಬಾಗಿನಲ್ಲೇ.

ಸ್ಟುಡಿಯೋಗೆ ಬೆಳಕು ಬೇಕಿತ್ತು. ಅದಕ್ಕಾಗಿ ಉಕ್ಕಿನ ಚೌಕಟ್ಟಿನ ಕಿಟಕಿಯೊಂದು ಈ ಬೀದಿಯಿಂದ ಆ ಬೀದಿಗೆ ಮೂಲೆ ಸುತ್ತಿಕೊಂಡು ಹೋಗಿತ್ತು. ಮೂಲೆಯಲ್ಲಿ ಕಂಬವಿಲ್ಲ. ತಾರಸಿಯ ಭಾರವನ್ನು ಒಳಗಿನಿಂದ ಚಾಚಿದ ಕಾಂಕ್ರೀಟ್ ತೊಲೆಗಳು ತೋಳಿನಂತೆ ಹೊತ್ತಿದ್ದವು. ಬೀದಿಯವರಿಗೆ ಕಾಣುತ್ತಿದ್ದುದು ಗಾಜು, ಗಾಜಿನ ಮೇಲೆ ತಾರಸಿ!

ಜನ ಹೆದರಿ ಎದುರು ಬದಿಯಲ್ಲಿ ನಡೆಯತೊಡಗಿದರಂತೆ. ಫೋಟೋಗ್ರಾಫರ್ ಆ ಮೂಲೆಯ ಕೆಳಗೆ ಕುರ್ಚಿ ಹಾಕಿ, ಕಟ್ಟಿದ ಮೇಸ್ತ್ರಿಯನ್ನೂ ತನ್ನ ತಾಯಿಯನ್ನೂ ಕೂರಿಸಿ, ಟೀ ಕುಡಿಸಿ, ಫೋಟೋ ತೆಗೆದು ಅಂಗಡಿಯಲ್ಲಿ ತೂಗುಹಾಕಿದ್ದರು. ಈಗ ಅಲ್ಲಿ ಟೈಲರ್ ಬಾಡಿಗೆಗಿದ್ದಾನೆ. ಫೋಟೋ ಇನ್ನೂ ಅದೇ ಮೊಳೆಯಲ್ಲಿದೆ. ತಾಯಿಯ ಮುಖದಲ್ಲಿ ಧೈರ್ಯ ಕಾಣುತ್ತದೆ, ಮೇಸ್ತ್ರಿಯ ಮುಖದಲ್ಲಿ ಅಷ್ಟಿಲ್ಲ.

ಎರಡನೇ ಯುದ್ಧ ಬಂದಾಗ ಬೆಳಕು ಹೊರಗೆ ಕಾಣಬಾರದೆಂದು ಆಜ್ಞೆಯಾಯಿತು. ಸ್ಟುಡಿಯೋದ ಗಾಜಿಗೆಲ್ಲ ಕಪ್ಪು ಬಣ್ಣ ಬಳಿದರು. ಯುದ್ಧ ಮುಗಿದ ಮೇಲೆ ಗಾಜನ್ನು ಕೆರೆದರೂ ಸಂದಿಗಿಳಿದ ಬಣ್ಣ ಅಲ್ಲೇ ಗಟ್ಟಿಯಾಯಿತು. "ಆ ಮೂಲೆ ಕಿಟಕಿಯ ಕದ ತೆರೆದಿದ್ದನ್ನ ನಾನು ಸೊಸೆಯಾಗಿ ಬಂದಾಗಿಂದ ನೋಡಿಲ್ಲ" ಎನ್ನುತ್ತಿದ್ದರು ದೊಡ್ಡಮ್ಮ.

ಈಗ ದೊಡ್ಡ ವಾಹನಗಳಿಗೆ ಆ ತಿರುವು ಸಾಲುತ್ತಿರಲಿಲ್ಲ. ಮನೆ ದುರ್ಬಲವೆಂದು ಇಂಜಿನಿಯರ್ ಬರೆದುಕೊಟ್ಟರೆ ಮೂಲೆಯನ್ನು ಓರೆಯಾಗಿ ಕತ್ತರಿಸುತ್ತಾರೆ. ಗಟ್ಟಿ ಎಂದರೆ ಪಾಲಿಕೆಯ ಸಮಿತಿ ಅವಳ ನಕ್ಷೆ, ಚರಿತ್ರೆ ನೋಡಿ ರಕ್ಷಿತ ಕಟ್ಟಡಗಳ ಸಾಲಿಗೆ ಸೇರಿಸುತ್ತದೆ.

ಮೂಲೆಯಿಲ್ಲದ ಆ ಮನೆಯನ್ನು ಊಹಿಸಿದಾಗಲೆಲ್ಲ ಅವಳಿಗೆ ಮೂಗು ಕೊಯ್ದ ಮುಖ ಕಣ್ಣೆದುರು ಬರುತ್ತಿತ್ತು.

*

ಇಂಜಿನಿಯರ್ ಬಿರುಕುಗಳ ಮೇಲೆ ಗಾಜು ಅಂಟಿಸತೊಡಗಿದ. ಬೆರಳಗಲದ ತೆಳು ಪಟ್ಟಿ, ಎರಡು ತುದಿಗೂ ಗಾರೆಯ ಮುದ್ದೆ.

"ಇದೇನು ಗೋಡೆಗೆ ಬ್ಯಾಂಡೇಜಾ?" ಎಂದು ದೊಡ್ಡಮ್ಮ ಕೇಳಿದರು.

"ಜ್ವರ ನೋಡೋ ಕಡ್ಡಿ ಅಂದ್ಕೊಳ್ಳಿ ಅಮ್ಮ. ಬಿರುಕು ಹಳೇದಾಗಿ ಸುಮ್ಮನಿದ್ರೆ ಗಾಜು ಸುಮ್ಮನಿರುತ್ತೆ. ಗೋಡೆ ಕೂದಲೆಳೆಯಷ್ಟು ಸರಿದ್ರೂ ಒಡೆಯುತ್ತೆ. ಗಾಜಿಗೆ ಸುಳ್ಳು ಹೇಳೋಕೆ ಬರಲ್ಲ."

"ನಮ್ಮನೇಲಿ ಗೋಡೆ ಬಿಟ್ಟು ಉಳಿದವರೆಲ್ಲ ಸರೀತಾನೇ ಇರ್ತಾರೆ. ಇವಳನ್ನೇ ನೋಡಿ, ಒಂದು ಕಡೆ ನಿಂತಿದ್ದು ಕಂಡಿದೀರಾ?"

ಟೈಲರ್ ಅವನನ್ನು 'ಗಾಜು ಸಾರ್' ಎಂದು ಕರೆಯತೊಡಗಿದ. ಕೊನೆಯ ಗಾಜು ಅವಳ ಕೋಣೆಗೆ ಬಂತು. ಮೂಲೆಯ ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ, ಪರದೆಯ ಕೋಲಿನ ಹಿಂದೆ ಅಂಟಿಸಿದ.

"ಇದನ್ನ ನೋಡೋಕೆ ದಿನಾ ಬರಬೇಕಾಗುತ್ತೆ" ಎಂದ, ಎಲ್ಲೋ ನೋಡುತ್ತ.

"ಬನ್ನಿ. ಮನೆ ಕೆಡವೋರಿಗೆ ಬಾಗಿಲು ಹಾಕೋಕಾಗುತ್ತಾ?"

ಅವನಿಗೆ ಅದು ಚುಚ್ಚಿತು. ಆದರೆ ಬರುವುದನ್ನು ಬಿಡಲಿಲ್ಲ. ಬೆಳಿಗ್ಗೆ ಬರುತ್ತಿದ್ದ, ಗಾಜು ನೋಡುತ್ತಿದ್ದ, ಆಮೇಲೆ ಅವಳ ನಕ್ಷೆಯ ಮುಂದೆ ನಿಲ್ಲುತ್ತಿದ್ದ. ಮೆಟ್ಟಿಲು ಮೂಲೆಯ ಬಾಗಿಗೇ ಹೊಂದಿ ತಿರುಗುವುದನ್ನು ಅವಳು ಬಿಡಿಸಿ ತೋರಿಸಿದಾಗ, ತೊಲೆಗಳು ಎಲ್ಲಿಂದ ಎಲ್ಲಿಗೆ ಚಾಚಿರಬೇಕೆಂದು ಅವನು ಪೆನ್ಸಿಲಿನಲ್ಲಿ ಮೆಲ್ಲಗೆ ಗೀರಿದ. ಅವಳು ಅಳಿಸಲಿಲ್ಲ.

'ಏನಾಗ್ತಿದೆ ನನಗೆ? ಇವನ ಒಂದು ಸಹಿಗೆ ಈ ಮನೆ ಹೋಗಬಹುದು... ಇವನ ಹೆಜ್ಜೆ ಸಪ್ಪಳಕ್ಕೆ ಕಾಯ್ತಾ ಕೂತಿದೀನಲ್ಲ!'

ಕಿಟಕಿಯ ಕದದ ಅಂಚು ಹೇಗಿದೆಯೆಂದು ಬಿಡಿಸಲು ಅದನ್ನು ತೆರೆಯಬೇಕಿತ್ತು. ಒಂದು ಬೆಳಿಗ್ಗೆ ಅವನು ಬರುವ ಮುಂಚೆ, ಸಂದಿಯ ಕಪ್ಪು ಬಣ್ಣವನ್ನು ಚಾಕುವಿನಿಂದ ಕೆರೆದು, ಭುಜ ಕೊಟ್ಟು ನೂಕಿದಳು. ಕದ ನರಳಿ ತೆರೆಯಿತು. ಗಾಳಿ ನುಗ್ಗಿ ನಕ್ಷೆಗಳು ಹಾರಿದವು. ಎರಡೂ ಬೀದಿ ಒಟ್ಟಿಗೆ ಕಣ್ಣಿಗೆ ಬಿದ್ದವು. ಒಂದರ ತುದಿಯಿಂದ ಅವನ ಬೈಕು ಬರುತ್ತಿತ್ತು.

ತಿರುವಿನಲ್ಲಿ ನಿಧಾನಿಸಿದ. ಒಂದು ಕಾಲು ನೆಲಕ್ಕೂರಿ ತಲೆಯೆತ್ತಿ ಮನೆಯನ್ನು ನೋಡಿದ. ಮುಖದಲ್ಲಿ ಅಧಿಕಾರಿಯ ಬಿಗಿಯಿರಲಿಲ್ಲ. ಯಾರನ್ನೋ ಕಾಣಲು ಹೊರಟು, ಕೂದಲು ಸರಿಯಿದೆಯೇ ಎಂದು ನೋಡಿಕೊಳ್ಳುವವನ ಮುಖ. ನಿಜಕ್ಕೂ ಹೆಲ್ಮೆಟ್ ತೆಗೆದು ಕೂದಲು ಸರಿಮಾಡಿಕೊಂಡ.

ಗಾಜಿನ ಮೇಲೆ ಬಿಸಿಲು ಕಣ್ಣು ಕೋರೈಸುತ್ತಿತ್ತು, ತೆರೆದ ಕದ ಅವನಿಗೆ ಕಾಣಲಿಲ್ಲ. ಅವಳು ಪಕ್ಕಕ್ಕೆ ಸರಿದು ಕದ ಎಳೆದುಕೊಂಡಳು. ಕೆನ್ನೆ ಬಿಸಿಯಾಗಿತ್ತು.

ಅಳತೆ ಅಂದೇ ಮುಗಿಯಿತು. ಕಿಟಕಿಯ ನಕ್ಷೆ ಪಾಲಿಕೆಗೆ ಹೋಯಿತು. ಆದರೂ ಮರುದಿನ ಬೆಳಿಗ್ಗೆ ಕದ ತೆರೆಯಿತು. ಅದರ ಮರುದಿನವೂ. ಅವನು ಮೆಟ್ಟಿಲು ಹತ್ತುವಷ್ಟರಲ್ಲಿ ಕದ ಮುಚ್ಚಿ, ಪೆನ್ಸಿಲ್ ಹಿಡಿದು, ಏನೂ ಅರಿಯದವಳಂತೆ ಕೂತಿರುತ್ತಿದ್ದಳು.

*

"ಯಾರಾದ್ರೂ ಇದನ್ನ ಮುಟ್ಟಿದ್ರಾ?"

ಪರದೆ ಸರಿಸಿದ ಅವನ ಕೈ ಹಾಗೇ ನಿಂತಿತ್ತು. ಗಾಜಿನ ಪಟ್ಟಿ ನಡುವೆ ಒಡೆದಿತ್ತು.

"ಇಲ್ಲ" ಎಂದಳು. ಅವಳು ಗಾಜನ್ನು ಮುಟ್ಟಿರಲಿಲ್ಲ. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನಿಸಲೂ ಇಲ್ಲ.

"ಮನೆಯ ಬೇರೆ ಗಾಜೆಲ್ಲ ಸರಿ ಇದೆ. ಇದೊಂದೇ..." ಅವನ ದನಿ ಇಳಿದಿತ್ತು. "ತೆರೆಯದ ಕಿಟಕಿ. ಅದರ ಚೌಕಟ್ಟು ಸರಿದಿದೆ ಅಂದ್ರೆ, ಮೇಲಿನ ತೊಲೆ ಕುಸೀತಿದೆ ಅಂತ."

"ಸುಳ್ಳು."

"ಗಾಜು ಹೇಳ್ತಿರೋದು ಮೇಡಂ, ನಾನಲ್ಲ."

"ಎಲ್ಲಾ ಬಿಟ್ಟು ಈ ಮೂಲೆಯ ಗಾಜೇ ಒಡೀಬೇಕಾ? ಪಾಲಿಕೆಗೆ ಬೇಕಾಗಿರೋದೂ ಈ ಮೂಲೆನೇ ಅಲ್ವಾ?" ಮಾತು ಅವಳ ಹಿಡಿತ ತಪ್ಪಿತ್ತು. "ಅಂಟಿಸೋ ಕೈಗೆ ಒಡೆಯೋದೂ ಗೊತ್ತಿರುತ್ತೆ ಬಿಡಿ."

ಅವನು ಚೀಲ ಬಿಚ್ಚಿದ. ಹೊಸ ಗಾಜು ತೆಗೆದು, ಹಳೆಯದರ ಜಾಗದಲ್ಲೇ ಅಂಟಿಸಿದ. ಕೈ ತೊಳೆಯಲು ದೊಡ್ಡಮ್ಮ ಕೊಟ್ಟ ನೀರನ್ನೂ ಮುಟ್ಟದೆ ಇಳಿದು ಹೋದ.

"ಏನಂದೆ ಆ ಹುಡುಗನಿಗೆ?" ಎಂದರು ದೊಡ್ಡಮ್ಮ.

"ನಿಜ ಅಂದೆ."

"ನಿಜ ಹೇಳಿದವಳ ಮುಖ ಹೀಗಿರಲ್ವೇ ಟೇಪಮ್ಮ."

ಗಾರೆ ಒಣಗಿದ ಮೇಲೆ ಅವನು ಮತ್ತೆ ನೋಡಲು ಬರಬೇಕಿತ್ತು. ಆ ಬೆಳಿಗ್ಗೆ ಅವಳು ಕೂತಲ್ಲಿ ಕೂರಲಿಲ್ಲ. ಬರುತ್ತಾನಾ? ಬೇರೆಯವರನ್ನು ಕಳಿಸುತ್ತಾನಾ? ಬಂದರೆ ಕ್ಷಮೆ ಕೇಳಬೇಕಾ... ತಾನು ಕೇಳಿದರೆ ಮನೆಯನ್ನು ಬಿಟ್ಟುಕೊಟ್ಟ ಹಾಗಾಗುತ್ತಾ? ಬೈಕಿನ ಸದ್ದು ಕೇಳಿದಂತಾಯಿತು. ಓಡಿ ಹೋಗಿ ಕದಕ್ಕೆ ಭುಜ ಕೊಟ್ಟಳು.

ಟಿಕ್.

ಪರದೆಯ ಹಿಂದಿನಿಂದ ಬಂದ ಸಣ್ಣ ಸದ್ದು. ಕದ ತೆರೆದಿತ್ತು, ಕೆಳಗೆ ಅವನು ಕಾಲೂರಿ ನಿಂತಿದ್ದ. ಈ ಸಲ ತಲೆಯೆತ್ತಿರಲಿಲ್ಲ. ಅವಳು ಕದ ಎಳೆದುಕೊಂಡು ಪರದೆ ಸರಿಸಿದಳು.

ಹೊಸ ಗಾಜು ಒಡೆದಿತ್ತು.

ಒಡೆದದ್ದು ತೊಲೆಯಿಂದಲ್ಲ, ಪಾಲಿಕೆಯಿಂದಲೂ ಅಲ್ಲ. ತನ್ನದೇ ಭುಜದಿಂದ. ಕದ ನೂಕಿದಾಗೆಲ್ಲ ಚೌಕಟ್ಟು ಗೋಡೆಯಿಂದ ಅಲುಗುತ್ತಿತ್ತು. ಮನೆ ಉಳಿಸಲು ಬಂದವಳೇ ಮನೆಯ ಮೇಲೆ ಸುಳ್ಳುಸಾಕ್ಷಿ ಹುಟ್ಟಿಸಿದ್ದಳು.

ಅವನು ಬಂದ. ನೋಡಿದ. ಅವನ ಮುಖ ಬೂದಿಯಾಯಿತು.

"ಎರಡನೇ ಸಲ. ಇನ್ನು ಬರೀದೆ ವಿಧಿಯಿಲ್ಲ. ನಾಳೆ ಸಮಿತಿಯವರು ಬರ್ತಾರೆ."

ಅವಳು ಕದದ ಕಡೆ ನೋಡಿದಳು. ಕಿಟಕಿ ತೆರೆದೆ ಎನ್ನಬಹುದು. ಯಾಕೆ ಎಂದರೆ? ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಹೇಗೆ ಶುರುಮಾಡಲಿ ಎಂದು ಅವಳು ಯೋಚಿಸುವಷ್ಟರಲ್ಲಿ ಅವನು ಹೋಗಿಬಿಟ್ಟ.

ಸಂಜೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

*

ಸಮಿತಿಯವರು ಬೀದಿಯಲ್ಲಿ, ಮೂಲೆಯ ಎದುರು ನಿಂತರು. ಅಧ್ಯಕ್ಷೆ ಕನ್ನಡಕ ಹಾಕಿದ ಹಿರಿಯ ಹೆಂಗಸು. ಮಾತು ಕಡಿಮೆ. ಟೈಲರ್ ಕತ್ತರಿ ಹಿಡಿದೇ ಹೊರಗೆ ಬಂದ. ಇಂಜಿನಿಯರ್ ವರದಿ ಓದಿದ. ದನಿಯಲ್ಲಿ ಏರಿಳಿತವಿರಲಿಲ್ಲ. "...ಮೇಲ್ಮಹಡಿಯ ಮೂಲೆಯಲ್ಲಿ ಎರಡು ಸಲ ಗಾಜು ಒಡೆದಿರುವುದರಿಂದ..."

"ಒಡೆದದ್ದು ನಾನು."

ಎಲ್ಲರೂ ತಿರುಗಿದರು. ಅವಳಿಗೆ ತನ್ನ ದನಿಯೇ ದೂರದ್ದೆನಿಸಿತು.

"ಕೈಯಲ್ಲಾ?" ಎಂದರು ಅಧ್ಯಕ್ಷೆ.

"ಕಿಟಕಿಯಿಂದ. ಮೂಲೆ ಕದ ಭುಜ ಕೊಟ್ಟು ನೂಕಿದ್ರೇನೇ ತೆಗೆಯೋದು. ಆಗ ಚೌಕಟ್ಟೆಲ್ಲ ಅಲುಗುತ್ತೆ."

"ಆ ಕದ ತೆಗೆಯೋಕೆ ಬರಲ್ವಲ್ಲ?" ಎಂದ ಇಂಜಿನಿಯರ್.

"ಬರುತ್ತೆ. ಬಣ್ಣ ಕೆರೆದೆ."

ಅಧ್ಯಕ್ಷೆ ಕೈಯಲ್ಲಿದ್ದ ನಕ್ಷೆಗಳನ್ನು ತಿರುವಿದರು. "ಈ ಕಿಟಕಿಯ ನಕ್ಷೆ ಆಗಲೇ ಕೊಟ್ಟಿದೀರಿ. ಅಳತೆ ಮುಗಿದ ಮೇಲೂ ಯಾಕೆ ತೆಗೆದ್ರಿ?"

"ದಿನಾ ತೆಗೀತಿದ್ದೆ."

"ಅದೇ ಕೇಳ್ತಿರೋದು. ಯಾಕೆ?"

ಗಾಳಿಗೆ ಅಂತ ಹೇಳಬಹುದಿತ್ತು. ಆದರೆ ಅರ್ಧ ಸತ್ಯ ಹೇಳಿದರೆ ಇವರು ಉಳಿದರ್ಧವನ್ನೂ ನಂಬುವುದಿಲ್ಲ. ತಲೆಯೆತ್ತಿ ಒಮ್ಮೆ ಮೂಲೆಯನ್ನು ನೋಡಿದಳು. ಕಂಬವಿಲ್ಲದೆ ಇಷ್ಟು ಕಾಲ ನಿಂತ ಮೂಲೆ.

"ಇವರ ಬೈಕು ತಿರುಗೋದನ್ನ ನೋಡೋಕೆ."

ಟೈಲರ್‌ನ ಕತ್ತರಿ ಕಚಕ್ಕೆಂದು ಮುಚ್ಚಿಕೊಂಡಿತು. ಒಬ್ಬ ಅಧಿಕಾರಿ ಕೆಮ್ಮಿದ. ಅಧ್ಯಕ್ಷೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದನ್ನ ಏನಂತ ಬರ್ಕೊಳ್ಳಲಿ?"

"ಕಿಟಕಿಯನ್ನ ಬಲವಂತವಾಗಿ ತೆರೆದಿದ್ದರಿಂದ ಅಂತ..." ಎಂದ ಕೆಮ್ಮಿದ ಅಧಿಕಾರಿ.

"ಬಲವಂತ ಏನಿಲ್ಲ" ಎಂದರು ದೊಡ್ಡಮ್ಮ. "ಇಷ್ಟಪಟ್ಟೇ ತೆಗೆದಿದಾಳೆ."

ಇಂಜಿನಿಯರ್‌ನ ಕಿವಿ ಕೆಂಪಾಗಿತ್ತು. ಅವಳನ್ನು ನೋಡದೆ, ಅಧ್ಯಕ್ಷೆಗೆ ಹೇಳಿದ: "ಮಾತು ನಂಬಿ ಮೂಲೆ ಗಟ್ಟಿ ಅಂತ ಬರೆಯೋಕಾಗಲ್ಲ. ಹೊಸ ಗಾಜು ಹಾಕಿ, ಕದಕ್ಕೆ ಸೀಲ್ ಮಾಡಿ. ತಿಂಗಳುಗಟ್ಟಲೆ ವಾಹನ ಓಡಾಡಲಿ. ಗಾಜು ಉಳಿದ್ರೆ ಮೂಲೆ ಉಳೀಲಿ." ಸ್ವಲ್ಪ ತಡೆದ. "ಆದ್ರೆ ನೋಡೋದು ಬೇರೆ ಇಂಜಿನಿಯರ್ ಆಗಿರಲಿ. ಇನ್ಮೇಲೆ ನಾನು ಬರೋದು ಸರಿಯಲ್ಲ."

ಬೈಕು ಹತ್ತಿ ಹೊರಟುಹೋದ.

ಸರಿಯಲ್ಲ... ಆ ಒಂದು ಮಾತು ಅವಳ ಬೆನ್ನು ಬಿಡಲಿಲ್ಲ.

*

ದಿನಗಳು ಕಾಲೆಳೆದುಕೊಂಡು ಹೋದವು. ಭಾರದ ಲಾರಿಗಳು ತಿರುವಿನಲ್ಲಿ ಮುಲುಗುತ್ತ ತಿರುಗುವಾಗೆಲ್ಲ ಅವಳು ಪರದೆಯ ಹಿಂದೆ ಇಣುಕಿದಳು. ಗಾಜು ಹಾಗೇ ಇತ್ತು. ಕೆಳಗೆ ಯಾವುದೇ ಬೈಕಿನ ಸದ್ದಾದರೂ ಎದ್ದು ನಿಂತಳು. ಸೀಲ್ ನೋಡಿ ಕೂತಳು. ಗೆರೆ ಎಳೆದಳು, ಅಳಿಸಿದಳು, ಅದೇ ಗೆರೆಯನ್ನು ಮತ್ತೆ ಎಳೆದಳು.

"ಮುಚ್ಚಿರೋದು ಕಿಟಕಿ" ಎಂದರು ದೊಡ್ಡಮ್ಮ. "ಬಾಗಿಲಿಗೆ ಯಾರೂ ಸೀಲ್ ಹಾಕಿಲ್ಲ. ಹೋಗಿ ಅವನನ್ನ ನೋಡಿಕೊಂಡು ಬರಬಾರದಾ?"

"ಬೀದಿಯಲ್ಲಿ ಅಷ್ಟು ಜನರ ಮುಂದೆ ಹೇಳಿದೆ ದೊಡ್ಡಮ್ಮ. ಇನ್ನೇನು ಡಂಗುರ ಹೊಡೀಲಾ? ಅವರು ಸರಿಯಲ್ಲ ಅಂದ್ರಲ್ಲ."

"ಅವನು ಸರಿಯಲ್ಲ ಅಂದಿದ್ದು ಬರೋದನ್ನ. ನಿನ್ನನ್ನಲ್ಲ."

ಹೊಸ ಇಂಜಿನಿಯರ್ ಟೀಪ್ರಿಯ ದಢೂತಿ ಮನುಷ್ಯ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದ. ಕೊನೆಯ ಸಲ ಬಂದಾಗ ಗಾಜನ್ನು ದೀಪ ಹಿಡಿದು ನೋಡಿ, "ಮೂಲೆಗೇನೂ ಆಗಿಲ್ಲಮ್ಮ. ನನ್ನ ಮಂಡಿಗಿಂತ ಗಟ್ಟಿಯಾಗಿದೆ" ಎಂದ. ಸಮಿತಿ ಮನೆಯನ್ನು ರಕ್ಷಿತ ಕಟ್ಟಡವೆಂದು ಬರೆದುಕೊಂಡಿತು. ದೊಡ್ಡ ವಾಹನಗಳಿಗೆ ಬೇರೆ ದಾರಿ ತೋರಿಸಿತು. ಟೈಲರ್ ಮೂಲೆಯ ಕೆಳಗೆ ಕುರ್ಚಿ ಹಾಕಿ ದೊಡ್ಡಮ್ಮನನ್ನು ಕೂರಿಸಿ, ಟೀ ಕೊಟ್ಟು, ಫೋನಿನಲ್ಲಿ ಫೋಟೋ ತೆಗೆದ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಮೇಲೆ ಬಂದು ಸಾಮಾನು ಕಟ್ಟತೊಡಗಿದಳು. ಮನೆ ಉಳಿದಿತ್ತು. ಕೆಲಸ ಮುಗಿದಿತ್ತು. ಇನ್ನೇನು ಬೇಕು?

ಕೆಳಗೆ ಬೈಕು ನಿಂತ ಸದ್ದಾಯಿತು.

ಏಳಲಿಲ್ಲ. ಎಷ್ಟು ಬೈಕು ನಿಂತು ಹೋಗಿವೆಯೋ... ಆದರೆ ಈ ಹೆಜ್ಜೆ ಮೆಟ್ಟಿಲು ಹತ್ತುತ್ತಿತ್ತು. ಬಾಗಿನಲ್ಲಿ ಒಂದು ಕ್ಷಣ ತಡೆದು, ಮತ್ತೆ ಹತ್ತಿತು.

ಅವನು ಬಾಗಿಲಲ್ಲಿ ನಿಂತಿದ್ದ.

"ಸೀಲ್ ತೆಗೆಯೋಕೆ ಬಂದೆ."

"ಅದಕ್ಕೂ ನೀವೇ ಬೇಕಾ?"

"ಬೇಕಿರಲಿಲ್ಲ." ಒಳಗೆ ಬಂದು ಪರದೆ ಸರಿಸಿದ. "ಇಲ್ಲಿ ಈ ಗಾಜೂ ಬೇಕಿರಲಿಲ್ಲ."

"ಅಂದ್ರೆ?"

"ಇದು ಬರೀ ಮೇಲಿನ ಗಾರೆಯ ಬಿರುಕು. ಅಂಟಿಸಿದ ದಿನವೇ ಗೊತ್ತಿತ್ತು. ಉಳಿದ ಗಾಜೆಲ್ಲ ಕೆಳಗಿನ ಮಹಡೀಲಿ ಇದ್ವು. ಮೇಲೆ ಹತ್ತಿ ಬರೋಕೆ... ಒಂದು ಕಾರಣ ಬೇಕಿತ್ತು."

ಅವಳು ಕಟ್ಟುತ್ತಿದ್ದ ಗಂಟನ್ನು ಬಿಟ್ಟು ಎದ್ದಳು.

"ಆ ಒಂದು ಕಾರಣಕ್ಕೆ ಮನೆಯೇ ಹೋಗ್ತಿತ್ತು."

"ಹೌದು."

"ಒಡೆದ ದಿನವೇ ಹೇಳಬಹುದಿತ್ತಲ್ಲ?"

"ಹೆದರಿದೆ. ಬಿರುಕು ಚಿಕ್ಕದು ಅಂದುಕೊಂಡಿದ್ದೇ ನನ್ನ ತಪ್ಪೇನೋ... ನೀವಿರೋ ಮನೆ ಅಂತ ಕಣ್ಣು ಮಂಜಾಯ್ತೇನೋ ಅಂತ. ಗಟ್ಟಿ ಅಂತ ಬರೆದು, ಅದು ನಿಮ್ಮ ಮೇಲೆ ಬಿದ್ದಿದ್ರೆ?" ಅವನ ದನಿ ಒಡೆಯಿತು. "ಅದಕ್ಕೇ ಬೇರೆಯವರು ನೋಡಲಿ ಅಂದೆ. ನನಗೆ ಈ ಮೂಲೆ ಬಗ್ಗೆ ನೆಟ್ಟಗೆ ಯೋಚಿಸೋಕಾಗ್ತಿರಲಿಲ್ಲ."

ಅವಳಿಗೆ ಕೋಪ ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಆದರೆ ಅದರ ಹಿಂದೆಯೇ ಕಣ್ಣು ತುಂಬಿತು.

"ನಾನೂ ಅನ್ನಬಾರದ್ದು ಅಂದೆ. ಅಂಟಿಸೋ ಕೈ, ಒಡೆಯೋ ಕೈ ಅಂತ..."

"ಒಡೆದ ಕೈ ಯಾರದು ಅಂತ ಆಮೇಲೆ ಸಮಿತಿಗೇ ಗೊತ್ತಾಯ್ತಲ್ಲ."

"ಕೈಯಲ್ಲ. ಭುಜ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಕೇಳಿದಳು, "ಇಷ್ಟು ದಿನ ಒಂದು ಸಲವಾದ್ರೂ ಈ ಕಡೆ ಬರಬೇಕು ಅನ್ನಿಸಲಿಲ್ವಾ?"

"ದಿನಾ ಬಂದೆ. ಹಿಂದಿನ ಬೀದಿವರೆಗೆ."

"ಅಲ್ಲಿಗೆ ಯಾಕೆ?"

"ಈ ಮೂಲೆ ತಿರುಗಿದ್ರೆ ನೀವು ಕಿಟಕಿ ತೆಗೆದುಬಿಟ್ರೆ ಅಂತ."

ಅವನು ಸೀಲ್ ಕತ್ತರಿಸಿ, ಗಾಜಿನ ಪಟ್ಟಿಯನ್ನು ಇಡಿಯಾಗಿ ಬಿಡಿಸಿ ಅವಳ ನಕ್ಷೆಯ ಹಲಗೆಯ ಮೇಲಿಟ್ಟ.

"ಈಗ ತೆಗೀಬಹುದಾ?" ಎಂದಳು.

"ತೆಗೀಬಹುದು. ಆದ್ರೆ ಬೀದೀಲಿ ನೋಡೋಕೆ ಯಾರೂ ಇಲ್ಲ."

"ಗೊತ್ತು."

ಇಬ್ಬರೂ ಭುಜ ಕೊಟ್ಟರು. ಕದ ನರಳಿ ತೆರೆಯಿತು. ಗಾಳಿ ನುಗ್ಗಿತು. ಅವಳು ಜೋಲಿ ತಪ್ಪಿದಾಗ ಅವನು ಮುಂಗೈ ಹಿಡಿದುಕೊಂಡ.

"ಏನು ಒಡೀತು?" ಕೆಳಗಿನಿಂದ ದೊಡ್ಡಮ್ಮ ಕೂಗಿದರು.

"ಏನೂ ಇಲ್ಲ ದೊಡ್ಡಮ್ಮ."

ಅವನ ಬೆರಳು ಇನ್ನೂ ಅವಳ ಮುಂಗೈ ಮೇಲಿತ್ತು.

"ಹಿಡ್ಕೊಳ್ಳಲಾ, ಬಿಡಲಾ?"

"ಹಿಡ್ಕೊಳ್ಳಿ" ಎಂದಳು. "ಎಳೀಬೇಡಿ... ನಾನೇ ಬರ್ತೀನಿ."